ಹಾರ್ವರ್ಡ್ ತಂಡದ ವಕೀಲ

ಪ್ರಶ್ನೆ: ಮುಂಬಯಿಯಲ್ಲಿ ಕಾನೂನು ಓದುತ್ತಿರುವ ನನ್ನ ಮಗನಿಗೆ ಫುಟ್‌ಬಾಲ್ ಹುಚ್ಚು. ಓದು ಹಾಳಾಗುತ್ತದೆ ಎಂದರೆ, ಅಮೆರಿಕದ ವಿಲಿಯಂ ಹೆನ್ರಿ ಲೂಯಿಸ್ ಕಾನೂನು ಓದುತ್ತಲೇ ದೊಡ್ಡ ಆಟಗಾರರಾದರು ಎಂದು ವಾದಿಸುತ್ತಾನೆ. ಅವರು ಯಾರು? ಕೂಪರೇಜ್ ಮೈದಾನದಲ್ಲಿ ನಾವು ನೋಡುವ ಆಟವನ್ನೇ ಅವರೂ ಆಡುತ್ತಿದ್ದರೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮಗನ ಮಾತು ನಿಜ, ಆದರೆ ಆಟ ಬೇರೆ. ಅಮೆರಿಕದ ಕಾಲೇಜು ಫುಟ್‌ಬಾಲ್ ರಗ್ಬಿಯಿಂದ ಬೆಳೆದು ಬಂದದ್ದು. ಬಾಂಬೆ ಜಿಮ್‌ಖಾನಾದಲ್ಲಿ ರಗ್ಬಿ ನೋಡಿದವರಿಗೆ ಅದರ ಚಹರೆ ತಿಳಿದೀತು. ಚೆಂಡನ್ನು ಮುಂದಕ್ಕೆ ಎಸೆಯುವ ಅವಕಾಶ ಅದರಲ್ಲಿ ಬಂದದ್ದೇ 1906ರಲ್ಲಿ. ಅಲ್ಲಿಯವರೆಗೆ ಗುಂಪುಗೂಡಿ ನುಗ್ಗುವುದೇ ಆಟದ ತಿರುಳಾಗಿತ್ತು.

ಲೂಯಿಸರು 1868ರಲ್ಲಿ ವರ್ಜೀನಿಯಾದಲ್ಲಿ, ಗುಲಾಮಗಿರಿಯಿಂದ ಬಿಡುಗಡೆಗೊಂಡ ತಂದೆತಾಯಿಯರ ಮಗನಾಗಿ ಹುಟ್ಟಿದರು. ಆಮ್‌ಹರ್ಸ್ಟ್ ಕಾಲೇಜಿನಲ್ಲಿ ತಂಡದ ನಾಯಕರಾಗಿದ್ದು, ಆಮೇಲೆ ಹಾರ್ವರ್ಡ್ ಕಾನೂನು ಶಾಲೆ ಸೇರಿದರು. ಕಾನೂನು ವಿದ್ಯಾರ್ಥಿಗಳೂ ವಿಶ್ವವಿದ್ಯಾಲಯದ ತಂಡದಲ್ಲಿ ಆಡಬಹುದಾಗಿದ್ದ ಕಾಲವದು. ಅವರದು ಸೆಂಟರ್ ಸ್ಥಾನ. ಪ್ರತಿ ಸಲವೂ ಚೆಂಡು ಹಿಂದಿನವರಿಗೆ ತಲುಪುತ್ತಿದ್ದುದು ಅವರ ಕೈಯಿಂದಲೇ. ಹಾರ್ವರ್ಡ್ ತಂಡವು ಯೇಲ್ ವಿರುದ್ಧ ಆಟಗಾರರನ್ನು ಬೆಣೆಯಾಕಾರದಲ್ಲಿ ಜೋಡಿಸಿ ಓಡಿ ಬಂದು ಅಪ್ಪಳಿಸುವ ತಂತ್ರವನ್ನು ಮೊದಲು ಪ್ರಯೋಗಿಸಿದ್ದು ಅವರಿದ್ದ 1892ರಲ್ಲೇ. ಪಂದ್ಯವನ್ನು ಗೆದ್ದದ್ದು ಯೇಲ್. ತಂತ್ರ ಎಷ್ಟು ಅಪಾಯಕಾರಿಯಾಗಿತ್ತೆಂದರೆ, ಎರಡೇ ವರ್ಷಗಳಲ್ಲಿ ಅದನ್ನು ನಿಷೇಧಿಸಬೇಕಾಯಿತು. 1892 ಮತ್ತು 1893ರಲ್ಲಿ ಲೂಯಿಸರು ಅಖಿಲ ಅಮೆರಿಕ ತಂಡಕ್ಕೆ, ಅಂದರೆ ಆಯಾ ವರ್ಷದ ಅತ್ಯುತ್ತಮ ಕಾಲೇಜು ಆಟಗಾರರ ಗೌರವಪಟ್ಟಿಗೆ, ಆಯ್ಕೆಯಾದರು. ಆ ಮನ್ನಣೆ ಪಡೆದ ಮೊದಲ ಕಪ್ಪು ಆಟಗಾರ ಅವರೇ. 1896ರಲ್ಲಿ ಈ ಆಟದ ಕುರಿತು ಪುಸ್ತಕ ಬರೆದರು, ಹಾರ್ವರ್ಡ್ ತಂಡಕ್ಕೆ ತರಬೇತಿಯನ್ನೂ ನೀಡಿದರು.

ನನ್ನ ದೃಷ್ಟಿಯಲ್ಲಿ, ನಿಮ್ಮ ಮಗ ಮುಖ್ಯವಾಗಿ ಓದಬೇಕಾದದ್ದು ಇದರ ಮುಂದಿನ ಭಾಗವನ್ನು. ಅಧ್ಯಕ್ಷ ಟಾಫ್ಟ್ ಅವರು ಲೂಯಿಸರನ್ನು ಅಮೆರಿಕದ ಸಹಾಯಕ ಅಟಾರ್ನಿ ಜನರಲ್ ಹುದ್ದೆಗೆ ನೇಮಿಸಿದರು. 1911ರಲ್ಲಿ ಸೆನೆಟ್ ಒಪ್ಪಿಗೆಯೂ ದೊರೆಯಿತು. ಅದೇ ವರ್ಷ ಅಲ್ಲಿನ ವಕೀಲರ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್ ಅವರನ್ನು ಸದಸ್ಯರನ್ನಾಗಿ ಸೇರಿಸಿಕೊಂಡಿತು. ಆದರೆ ಅವರು ಕಪ್ಪು ಜನಾಂಗದವರೆಂಬುದು ಗೊತ್ತಾದೊಡನೆ ಅದರ ಕಾರ್ಯಕಾರಿ ಸಮಿತಿ ಸದಸ್ಯತ್ವವನ್ನು ರದ್ದುಪಡಿಸಲು ಹೊರಟಾಗ, ಲೂಯಿಸರು ರಾಜೀನಾಮೆ ಕೊಡಲು ಸುತರಾಂ ಒಪ್ಪಲಿಲ್ಲ. ಅಟಾರ್ನಿ ಜನರಲ್ ವಿಕರ್‌ಶ್ಯಾಮ್ ಎಲ್ಲ ಸದಸ್ಯರಿಗೂ ಪತ್ರ ಬರೆದು ಅವರ ಪರ ನಿಂತರು. 1912ರಲ್ಲಿ ಸದಸ್ಯತ್ವ ಉಳಿಯಿತು; ಆದರೆ ಮುಂದೆ ಅರ್ಜಿ ಹಾಕುವವರು ತಮ್ಮ ಜನಾಂಗವನ್ನು ತಿಳಿಸಬೇಕೆಂಬ ನಾಚಿಕೆಗೇಡಿನ ನಿಯಮವನ್ನು ಸಂಸ್ಥೆ ಜೊತೆಗೇ ತಂದಿತು.

ಆ ಮೇಲೆ ಬಾಸ್ಟನ್ನಿನಲ್ಲಿ ವಕೀಲಿ ಮುಂದುವರಿಸಿದ ಲೂಯಿಸರು 1949ರಲ್ಲಿ ತೀರಿಕೊಂಡರು. ಕಾಲೇಜು ಫುಟ್‌ಬಾಲಿನ ಹಾಲ್ ಆಫ್ ಫೇಮ್ ಅವರ ಹೆಸರನ್ನು ಸೇರಿಸಿಕೊಂಡದ್ದು 2009ರಲ್ಲಿ. ಇಂಥವರಿಗೆ ಆ ಗೌರವ ಇಷ್ಟು ತಡವಾಗಬಾರದಿತ್ತು.