ಮೀಟರ್ ಸರಿ ತೋರಿಸುತ್ತಿದೆ, ಆದರೂ ಮೋಟಾರ್ ಸುಡುತ್ತಿದೆ

ಪ್ರಶ್ನೆ: ಸರ್, ನಮ್ಮ 15 ಕಿಲೋವ್ಯಾಟ್ ಮೋಟಾರ್ ಸ್ಟಾರ್ಟರ್‌ನಲ್ಲಿ ವರ್ಷಗಟ್ಟಲೆ ಚೆನ್ನಾಗಿ ಓಡಿತ್ತು. ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಡ್ರೈವ್) ಹಾಕಿಸಿದ ಮೇಲೆ ಎರಡು ಸಲ ಸುಟ್ಟಿದೆ. ಡ್ರೈವ್ ಪ್ಯಾನೆಲ್ ರೂಮಿನಲ್ಲಿದೆ, ಮೋಟಾರ್ ಅಲ್ಲಿಂದ 80 ಮೀಟರ್ ದೂರ. ಕರೆಂಟ್, ವೋಲ್ಟೇಜ್ ಎರಡೂ ಸರಿಯಾಗಿವೆ. ರೀವೈಂಡಿಂಗ್ ಮಾಡುವವರು ಓವರ್‌ಲೋಡ್ ಅನ್ನುತ್ತಾರೆ. ಇನ್ನೊಬ್ಬರು ಡ್ರೈವ್ ಔಟ್‌ಪುಟ್‌ಗೆ ಕೆಪಾಸಿಟರ್ ಹಾಕಿ ಅಂದಿದ್ದಾರೆ. ಏನು ಮಾಡಲಿ?

ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. ಹಾಗಾಗಿ ಈ ಸಲದ ಜಾಗ ಬಹುಪಾಲು ಇದಕ್ಕೇ. ಪಿಡಬ್ಲ್ಯುಎಂ ಅಂದರೆ ಡ್ರೈವ್ ವೋಲ್ಟೇಜನ್ನು ಪಲ್ಸುಗಳಾಗಿ ಕತ್ತರಿಸಿ ಬಿಡುವ ರೀತಿ, ಅದಕ್ಕಿಂತ ಹೆಚ್ಚು ಇಲ್ಲಿ ಹೇಳುತ್ತಾ ಕೂರುವುದಿಲ್ಲ. ಡ್ರೈವ್ ಹಾಕಿಸಿದವರಿಗೆ ಅಷ್ಟು ಗೊತ್ತಿರಲೇಬೇಕು.

ಮೊದಲು ಕೆಪಾಸಿಟರ್ ಮಾತು. ದಯವಿಟ್ಟು ಹಾಕಬೇಡಿ. ಡ್ರೈವ್ ಬಿಡುವ ಒಂದೊಂದು ಪಲ್ಸಿಗೂ ಆ ಕೆಪಾಸಿಟರ್ ಹೆಚ್ಚುಕಡಿಮೆ ಶಾರ್ಟ್ ಇದ್ದ ಹಾಗೆ. ಡ್ರೈವ್ ಟ್ರಿಪ್ ಆದರೆ ನಿಮ್ಮ ಅದೃಷ್ಟ, ಇಲ್ಲದಿದ್ದರೆ ಐಜಿಬಿಟಿ (ಪಲ್ಸ್ ಬಿಡುವ ಎಲೆಕ್ಟ್ರಾನಿಕ್ ಸ್ವಿಚ್) ಸಿಡಿಯುತ್ತದೆ. ಈ ಸಲಹೆ ಕೊಟ್ಟವರನ್ನು ಇನ್ನು ಮುಂದೆ ಪ್ಯಾನೆಲ್ ಹತ್ತಿರ ಬಿಡಬೇಡಿ.

ಓವರ್‌ಲೋಡ್ ಅನ್ನುವುದನ್ನೂ ಸುಮ್ನೆ ಒಪ್ಪಿಕೊಳ್ಳಬೇಡಿ. ಹಳೇ ತಂತಿ ಕಿತ್ತು ಹಾಕುವ ಮುಂಚೆ ಮುಚ್ಚಳ ತೆಗೆಸಿ, ವೈಂಡಿಂಗನ್ನು ಕಣ್ಣಾರೆ ನೋಡಿ. ಓವರ್‌ಲೋಡ್ ಆಗಿದ್ದರೆ ಮೂರೂ ಫೇಸಿನ ಕಾಯಿಲ್‌ಗಳು ಒಂದೇ ಸಮ ಕಂದಿರುತ್ತವೆ. ಒಂದು ಫೇಸ್ ಹೋಗಿ ಸುಟ್ಟಿದ್ದರೆ ಕೆಲವು ಗುಂಪು ಪೂರ್ತಿ ಕಪ್ಪು, ಉಳಿದವು ಹೊಸದರಂತೆ ಇರುತ್ತವೆ. ಡ್ರೈವ್ ಪಲ್ಸಿನ ಏಟು ಹೀಗಿರುವುದಿಲ್ಲ. ವೈಂಡಿಂಗ್ ಎಲ್ಲಾ ಹೊಳೆಯುತ್ತಿರುತ್ತದೆ, ವಾರ್ನಿಷ್ ಬಣ್ಣವೂ ಬದಲಾಗಿರುವುದಿಲ್ಲ. ಲೀಡ್ ಒಳಗೆ ಹೋಗುವ ಜಾಗದ ಹತ್ತಿರ, ಮೊದಲ ಕೆಲವು ಸುತ್ತುಗಳಲ್ಲಿ, ಚಿಕ್ಕದೊಂದು ಜಾಗ ಮಾತ್ರ ಕರಗಿ ತಾಮ್ರ ಮಣಿಯಂತೆ ಉಂಡೆಗಟ್ಟಿರುತ್ತದೆ. ನಿಮ್ಮದು ಹಾಗಿದ್ದರೆ ಲೋಡಿನ ತಪ್ಪಲ್ಲ, ಕೇಬಲ್ಲಿನದು.

ಲೆಕ್ಕ ನೋಡಿ. 400 ವೋಲ್ಟ್ ಸಪ್ಲೈ ಇದ್ದರೆ ಡ್ರೈವ್ ಒಳಗಿನ ಡಿಸಿ ಸುಮಾರು 560 ವೋಲ್ಟ್. ಐಜಿಬಿಟಿ ಆನ್ ಆದಾಗ ಈ 560 ವೋಲ್ಟೂ 0.1 ಮೈಕ್ರೋಸೆಕೆಂಡಿನ ಆಸುಪಾಸಿನಲ್ಲಿ ಎದ್ದು ನಿಲ್ಲುತ್ತದೆ. ಆ ಅಲೆ ಕೇಬಲ್ಲಿನಲ್ಲಿ ಮೈಕ್ರೋಸೆಕೆಂಡಿಗೆ ಸುಮಾರು 150 ಮೀಟರ್ ಓಡುತ್ತದೆ. ಅದು ಎದುರಾಗುವ ಮೋಟಾರಿನ ಇಂಪೀಡೆನ್ಸ್ (ಅಲೆಗೆ ಒಡ್ಡುವ ತಡೆ) ಕೇಬಲ್ಲಿಗಿಂತ ಬಹಳ ಜಾಸ್ತಿ. ಹಗ್ಗದ ಒಂದು ತುದಿ ಹಿಡಿದು ಜಾಡಿಸಿದರೆ ಸಡಿಲ ಬಿಟ್ಟ ಇನ್ನೊಂದು ತುದಿ ಎರಡರಷ್ಟು ಎತ್ತರಕ್ಕೆ ಹಾರುತ್ತದಲ್ವಾ, ಇಲ್ಲೂ ಹಾಗೇ. ಮೋಟಾರ್ ಟರ್ಮಿನಲ್‌ನಲ್ಲಿ 1100 ವೋಲ್ಟ್ ಹತ್ತಿರ ಬರುತ್ತದೆ. ಇಷ್ಟು ವೇಗದ ಪಲ್ಸಿಗೆ ಹತ್ತು ಮೀಟರ್ ಕೇಬಲ್ಲೇ ಸಾಕು, ನಿಮ್ಮದು 80.

ಇಷ್ಟು ಕಡಿದಾದ ಪಲ್ಸ್ ವೈಂಡಿಂಗಿನಲ್ಲಿ ಸಮನಾಗಿ ಹಂಚಿಕೊಳ್ಳುವುದಿಲ್ಲ. ದೊಡ್ಡ ಪಾಲು ಮೊದಲ ಕಾಯಿಲ್ ಮೇಲೇ ಬೀಳುತ್ತದೆ. ಕೈಯಲ್ಲಿ ಸುತ್ತಿ ತುಂಬಿದ ಸ್ಲಾಟಿನಲ್ಲಿ ಮೊದಲ ಸುತ್ತೂ ಕೊನೆಯ ಸುತ್ತೂ ಪಕ್ಕಪಕ್ಕ ಬಿದ್ದಿರಬಹುದು. ಮಧ್ಯೆ ವಾರ್ನಿಷ್ ತುಂಬದ ಕಡೆ ಗಾಳಿ ಇರುತ್ತದೆ. ಆ ಗಾಳಿಯಲ್ಲಿ ಸಣ್ಣ ಕಿಡಿ ಹುಟ್ಟಿ ತಂತಿಯ ಮೇಲಿನ ಎನಾಮಲ್ ಲೇಪವನ್ನು ತಿನ್ನುತ್ತಾ ಹೋಗುತ್ತದೆ. ಕ್ಯಾರಿಯರ್ (ಡ್ರೈವ್ ಪಲ್ಸ್ ಬಿಡುವ ಫ್ರೀಕ್ವೆನ್ಸಿ) 8 ಕಿಲೋಹರ್ಟ್ಸ್ ಇದ್ದರೆ ಸೆಕೆಂಡಿಗೆ ಸಾವಿರಾರು ಏಟು. ಮಲ್ಟಿಮೀಟರ್ ಇದನ್ನೆಲ್ಲ ಸರಾಸರಿ ಮಾಡಿ ನುಂಗಿಬಿಡುತ್ತದೆ. ಆ ವೋಲ್ಟೇಜಿಗೆ ತಕ್ಕ ಡಿಫರೆನ್ಷಿಯಲ್ ಪ್ರೋಬ್ ಜೊತೆ ಅಲೆಯ ಆಕಾರ ತೋರಿಸುವ ಆಸಿಲೋಸ್ಕೋಪ್ ಬೇಕು, ಅದನ್ನೂ ಮೋಟಾರ್ ತುದಿಯಲ್ಲೇ ಹಿಡಿಯಬೇಕು. ಡ್ರೈವ್ ತುದಿಯಲ್ಲಿ ಹಿಡಿದರೆ ಈ ಎತ್ತರ ಕಾಣುವುದಿಲ್ಲ.

ಈಗ ಪರಿಹಾರ. ಸಾಧ್ಯವಿದ್ದರೆ ಡ್ರೈವನ್ನೇ ಮೋಟಾರ್ ಹತ್ತಿರ ತನ್ನಿ. ಅದಕ್ಕಿಂತ ಒಳ್ಳೇ ದಾರಿ ಇಲ್ಲ. ಆಗದಿದ್ದರೆ ಡ್ರೈವ್ ಔಟ್‌ಪುಟ್‌ಗೆ ಡಿವಿ-ಡಿಟಿ ಫಿಲ್ಟರ್ (ಪಲ್ಸಿನ ಏರಿಕೆಯನ್ನು ನಿಧಾನ ಮಾಡುವುದು) ಹಾಕಿ. 80 ಮೀಟರಿಗೆ ನಾನು ಅದನ್ನೇ ಹಾಕಿಸುತ್ತೇನೆ. ಕೇಬಲ್ ಇನ್ನೂ ಬಹಳ ಉದ್ದವಾದರೆ ಪಲ್ಸುಗಳನ್ನು ನಯವಾದ ಅಲೆಯಾಗಿಸುವ ಸೈನ್ ಫಿಲ್ಟರ್ ಬೇಕು. ಆಗ ಕ್ಯಾರಿಯರ್ ಫ್ರೀಕ್ವೆನ್ಸಿಯನ್ನು ಫಿಲ್ಟರ್ ಹೇಳಿದ್ದಕ್ಕಿಂತ ಕೆಳಗಿಳಿಸಬೇಡಿ. ಕ್ಯಾರಿಯರ್ ಕಡಿಮೆ ಮಾಡಿದರೆ ಸಾಕು ಅನ್ನುವವರಿದ್ದಾರೆ. ಏಟಿನ ಸಂಖ್ಯೆ ಕಡಿಮೆ ಆಗುತ್ತದೆ, ಏಟಿನ ಎತ್ತರ ಅಷ್ಟೇ ಇರುತ್ತದೆ. ರೀವೈಂಡ್ ಮಾಡಿಸುವಾಗ ಅದೇ ಮಾಮೂಲಿ ತಂತಿ ಹಾಕಿಸಿದರೆ ಮೂರನೇ ಸಲವೂ ಸುಡುತ್ತದೆ. ಇನ್ವರ್ಟರ್‌ಗೆಂದೇ, ಅಂದರೆ ಇಂಥ ಡ್ರೈವ್‌ಗೆಂದೇ, ಇರುವ ತಂತಿ ಕೇಳಿ. ಫೇಸ್‌ಗಳ ನಡುವೆ ಪೇಪರ್ ಇದೆಯಾ ನೋಡಿ. ವಾರ್ನಿಷನ್ನು ವ್ಯಾಕ್ಯೂಮಿನಲ್ಲಿ ತುಂಬಿಸಿ, ಬ್ರಷ್ಷಿನಲ್ಲಿ ಬಳಿಯುವುದಕ್ಕೆ ಒಪ್ಪಬೇಡಿ.

ನಮ್ಮಂಥ ಸಂಶೋಧಕರ ಪಾಲೂ ಇದರಲ್ಲಿದೆ. ಸ್ವಿಚ್ ಬೇಗ ಆನ್ ಆದಷ್ಟೂ ಕನ್ವರ್ಟರ್ (ಡ್ರೈವಿನ ಪವರ್ ಭಾಗ) ಬಿಸಿಯಾಗುವುದು ಕಡಿಮೆ. ಅದಕ್ಕೇ ಎಲ್ಲರೂ ಸಿಲಿಕಾನ್ ಕಾರ್ಬೈಡ್ ಸ್ವಿಚ್‌ಗಳ ಕಡೆ ಹೊರಟಿದ್ದಾರೆ. ಆದರೆ ಅದರ ಪಲ್ಸ್ ಐಜಿಬಿಟಿಗಿಂತಲೂ ಕಡಿದು. ಕನ್ವರ್ಟರಿನಲ್ಲಿ ಉಳಿಸಿದ್ದನ್ನು ಮೋಟಾರ್ ತೆರಬೇಕಾಗುತ್ತದೆ. 1981ರಲ್ಲೇ ಜಪಾನಿನ ನಬಾಯೆ, ತಕಾಹಾಶಿ, ಅಕಾಗಿ ಮೂರು ಮಟ್ಟದ ಇನ್ವರ್ಟರನ್ನು ಪ್ರಕಟಿಸಿದ್ದರು. ಅದರಲ್ಲಿ ವೋಲ್ಟೇಜ್ ಒಂದೇ ಸಲ 560 ಏರದೆ 280ರ ಮೆಟ್ಟಿಲಲ್ಲಿ ಏರುತ್ತದೆ. ಮೋಟಾರ್ ತುದಿಯ ಶಿಖರ 840ರ ಸುಮಾರಿಗೆ ಇಳಿಯುತ್ತದೆ. ಡ್ರೈವ್ ಕೊಳ್ಳುವವರು ಎಫಿಷಿಯೆನ್ಸಿ ಎಷ್ಟು ಅಂತ ಕೇಳುತ್ತಾರೆ, ಪಲ್ಸ್ ಎಷ್ಟು ಕಡಿದು ಅಂತ ಕೇಳುವುದೇ ಇಲ್ಲ. ನನಗೆ ನಿಜವಾಗಿ ಬೇಸರ ತರುವುದು ಇದೇ.

ಡ್ರೈವ್ ಹಾಕಿದ ಮೇಲೆ ಬೇರಿಂಗ್ ಶಬ್ದ ಮಾಡುತ್ತಿದೆ. ಗ್ರೀಸ್ ಬದಲಿಸಿದರೆ ಸಾಕಾ?

ಸಾಲದು. ಬೇರಿಂಗ್ ಬಿಚ್ಚಿ ರೇಸ್ (ಗುಂಡು ಉರುಳುವ ಬಳೆ) ನೋಡಿ. ಅಡ್ಡಡ್ಡ ಸಾಲುಸಾಲಾಗಿ ಗೆರೆ ಬಿದ್ದಿದ್ದರೆ ಶಾಫ್ಟಿನಿಂದ ಕರೆಂಟ್ ಹರಿಯುತ್ತಿದೆ. ಮೊದಲು ಅರ್ಥಿಂಗ್ ಸರಿಮಾಡಿ, ಆಮೇಲೆ ಶಾಫ್ಟ್ ಅರ್ಥಿಂಗ್ ರಿಂಗ್ ಅಥವಾ ಇನ್ಸುಲೇಟೆಡ್ ಬೇರಿಂಗ್.

20 ಹರ್ಟ್ಸ್‌ನಲ್ಲಿ ಮೋಟಾರ್ ಜಾಸ್ತಿ ಬಿಸಿಯಾಗುತ್ತದೆ, ಯಾಕೆ?

ಅದರ ಫ್ಯಾನೂ ಅದೇ ಶಾಫ್ಟಿನಲ್ಲಿದೆ, ಶಾಫ್ಟ್ ನಿಧಾನವಾದರೆ ಗಾಳಿಯೂ ಕಡಿಮೆ. ಬೇರೆ ಫ್ಯಾನ್ ಹಾಕಿ, ಇಲ್ಲವೇ ಲೋಡ್ ಇಳಿಸಿ.

ಪ್ಲಗ್ಗಿಗೆ ಸಿಕ್ಕಿಸುವ ಕರೆಂಟ್ ಉಳಿಸುವ ಡಬ್ಬಿ ಕೆಲಸ ಮಾಡುತ್ತಾ?

ಇಲ್ಲ, ಅದು ಮೋಸ.

ಮೋಟಾರಿಗೆ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕುವಾಗ ಡ್ರೈವ್ ಬಿಚ್ಚಲೇಬೇಕಾ?

ಬಿಚ್ಚಲೇಬೇಕು. ಆದರೆ ಪವರ್ ಆಫ್ ಮಾಡಿದ ಕೂಡಲೇ ಕೈ ಹಾಕಬೇಡಿ. ಒಳಗಿನ ಕೆಪಾಸಿಟರ್‌ಗಳಲ್ಲಿ 560 ವೋಲ್ಟ್ ಇನ್ನೂ ನಿಂತಿರುತ್ತದೆ. ಡಿಸ್‌ಪ್ಲೇ ಆರಿದರೆ ಕರೆಂಟ್ ಹೋಯ್ತು ಅಂತಲ್ಲ. ಡ್ರೈವ್ ಮೇಲೆ ಬರೆದಷ್ಟು ನಿಮಿಷ ಕಾಯಿರಿ. ಆಮೇಲೆ ಮೀಟರನ್ನು ಡಿಸಿಗೆ ತಿರುಗಿಸಿ ಪ್ಲಸ್-ಮೈನಸ್ ಟರ್ಮಿನಲ್ ಅಳೆಯಿರಿ. ವೋಲ್ಟೇಜ್ ಪೂರ್ತಿ ಇಳಿದ ಮೇಲಷ್ಟೇ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ.