ಡಿಸ್ಚಾರ್ಜ್ ಆದಮೇಲೆ ಮನೆಯಲ್ಲಿ ತೀರಿಕೊಳ್ಳಬಹುದಾದ ಕೂಸನ್ನು ಮೊದಲೇ ಗುರುತಿಸಲು ಯಾವ ಸ್ಕೋರ್ ಒಳ್ಳೆಯದು?

ಚಿಕ್ಕ ಆಸ್ಪತ್ರೆ, ದೊಡ್ಡ ಲ್ಯಾಬಿಲ್ಲ, ಯಾವ ಸ್ಕೋರ್ (ಮಗುವಿನ ಅಳತೆಗಳನ್ನು ಸೇರಿಸಿ ಅಪಾಯ ಎಷ್ಟೆಂದು ಹೇಳುವ ಅಂಕಿ) ಬಳಸೋಣ ಅಂತ ಕೇಳಿದ್ದೀರಿ. ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದಾಗ ನಾನೂ ಇದನ್ನೇ ಹುಡುಕುತ್ತಿದ್ದೆ.

ಎರಡು ತಿಂಗಳ ಹೆಣ್ಣುಮಗು, ನ್ಯುಮೋನಿಯಾ. ಆರು ದಿನಕ್ಕೆ ಜ್ವರ ಬಿಟ್ಟಿತು, ಆಕ್ಸಿಜನ್ ತೆಗೆದೆವು. ಹೊರಡುವ ದಿನ ನಾನೇ ತೂಗಿದೆ: 3 ಕೆಜಿ 700 ಗ್ರಾಂ. ಸೇರಿದಾಗ 3 ಕೆಜಿ 600 ಇತ್ತು. ‘ತೂಕ ಏರಿದೆ’ ಎಂದು ಬರೆದು ಕಳಿಸಿದೆ. ಡಿಸ್ಚಾರ್ಜ್ ಆದ ಒಂಬತ್ತನೇ ದಿನ ಮಗು ಮನೆಯಲ್ಲೇ ತೀರಿಕೊಂಡಿತು.

ಸೇರಿಸಿಕೊಂಡ ದಿನ ಬಟ್ಟೆ ಬಿಚ್ಚಿ ತೂಗಿದ್ದೆವು. ಹೊರಡುವ ದಿನ ಬೆಳಿಗ್ಗೆ ಚಳಿ, ಮಗು ನಿದ್ದೆಯಲ್ಲಿತ್ತು, ಯಾಕೆ ಎಬ್ಬಿಸೋದು ಅಂತ ಟವೆಲ್ ಸುತ್ತಿದ ಹಾಗೇ ತಕ್ಕಡಿಯ ಮೇಲಿಟ್ಟೆ. ಸುದ್ದಿ ಬಂದ ಮೇಲೆ ವಾರ್ಡಿನ ಅಂಥದ್ದೇ ಟವೆಲೊಂದನ್ನು ತೂಗಿ ನೋಡಿದೆ: 280 ಗ್ರಾಂ. ಅಂದರೆ ಮಗು 100 ಗ್ರಾಂ ಏರಿರಲಿಲ್ಲ, 180 ಗ್ರಾಂ ಇಳಿದಿತ್ತು. ಆ ವಯಸ್ಸಿಗೆ ದಿನಕ್ಕೆ 20-30 ಗ್ರಾಂ ಏರಬೇಕು. ‘ನಾಕು ಸಲ ಚೀಪಿ ನಿದ್ದೆ ಹೋಗಿಬಿಡುತ್ತೆ ಸಿಸ್ಟರ್’ ಅಂತ ತಾಯಿ ಹೇಳಿಯೂ ಇದ್ದಳು. ತೂಕ ಏರಿದೆಯಲ್ಲಮ್ಮ, ಏನೂ ಆಗಲ್ಲ ಅಂದೆ. ಆ ಅಂಕಿ ನನ್ನ ಮುಂದೆ ಇಲ್ಲದಿದ್ದರೆ ಅವಳ ಮಾತು ನನ್ನ ಕಿವಿಗೆ ಬೀಳುತ್ತಿತ್ತು.

ಅದಕ್ಕೇ ಸ್ಕೋರ್ ಯಾವುದು ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಉಗಾಂಡಾದ ಸ್ಮಾರ್ಟ್ ಡಿಸ್ಚಾರ್ಜಸ್‌ನಂಥ ಒಳ್ಳೆಯ ಪ್ರಯತ್ನಗಳಿವೆ; ಡಿಸ್ಚಾರ್ಜ್ ಹೊತ್ತಿಗೆ ಮಗುವಿನ ಅಪಾಯ ಲೆಕ್ಕಹಾಕಿ, ಅಪಾಯ ಹೆಚ್ಚಿದ್ದವರ ಮೇಲೆ ಆಮೇಲೂ ಕಣ್ಣಿಡುವ ಯೋಜನೆ ಅದು. ಆದರೆ ಯಾವುದೇ ಸ್ಕೋರಿಗೂ ನೀವು ಕೊಡುವುದು ಇದೇ ತೂಕ, ತೋಳಿನ ಸುತ್ತಳತೆ, ಆಕ್ಸಿಜನ್ ಮಟ್ಟ. ಅವೇ ತಪ್ಪಾದರೆ ಸ್ಕೋರ್ ಏನು ಮಾಡೀತು? ಬಟ್ಟೆ ಬಿಚ್ಚಿಯೇ ತೂಗಿ. ತಾಯಿಯ ಪಕ್ಕ ಕೂತು, ಮಗು ಒಂದು ಸಲ ಪೂರ್ತಿ ಹಾಲು ಕುಡಿಯುವುದನ್ನು ಕಣ್ಣಾರೆ ನೋಡಿ. ಆರು ವಾರದಿಂದ ಆರು ತಿಂಗಳೊಳಗಿನ ಕೂಸಿನ ತೋಳಿನ ಸುತ್ತಳತೆ 110 ಮಿಮೀಗಿಂತ ಕಮ್ಮಿಯಿದ್ದರೆ, ಮುಂಚೆಯೂ ಅಡ್ಮಿಟ್ ಆಗಿದ್ದರೆ, ವೈದ್ಯರು ಬೇಡವೆಂದರೂ ಮನೆಯವರು ಕರೆದೊಯ್ಯುತ್ತಿದ್ದರೆ, ಅಪಾಯವಿದೆ ಅಂತಲೇ ಇಟ್ಟುಕೊಳ್ಳಿ.

ಗುರುತಿಸಿದ ಮೇಲೆ ಮುಂದೇನು? ಆಫ್ರಿಕಾ, ದಕ್ಷಿಣ ಏಷ್ಯಾಗಳ 9 ಆಸ್ಪತ್ರೆಗಳಲ್ಲಿ, ಕಾಯಿಲೆಯಿಂದ ಸೇರಿದ ಚಿಕ್ಕ ಮಕ್ಕಳ ಮೇಲೆ ನಡೆದ ಚೈನ್ (CHAIN) ಅನ್ನುವ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಅದರಲ್ಲಿ ತೀರಿಕೊಂಡ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಸತ್ತದ್ದು ಡಿಸ್ಚಾರ್ಜ್ ಆದಮೇಲೆ. ಯಾರು, ಯಾವ ದಿನ ಮನೆಗೆ ಹೋಗಿ ಮಗುವನ್ನು ನೋಡುತ್ತಾರೆ ಅನ್ನುವುದನ್ನು ಹೆಸರು ಸಮೇತ ಬರೆಯದೆ ಡಿಸ್ಚಾರ್ಜ್ ಚೀಟಿ ಕೊಡಬೇಡಿ. ನಾನು ‘ವಾರ ಬಿಟ್ಟು ಬನ್ನಿ’ ಎಂದಷ್ಟೇ ಬರೆದಿದ್ದೆ. ಏಳನೇ ದಿನ ಅವರು ಬರಲಿಲ್ಲ. ಎಂಟನೇ ದಿನ ನಾವ್ಯಾರೂ ಒಂದು ಫೋನ್ ಮಾಡಲಿಲ್ಲ.