ಎಳೆದು ತಂದ ಓಮ್ನಿಯ ಗೇರ್‌ಬಾಕ್ಸ್ ಕೂಗುವುದೇಕೆ?

ಪ್ರಶ್ನೆ: ನನ್ನದು 1994ರ ಮಾರುತಿ ಓಮ್ನಿ, ನಾಲ್ಕು ಗೇರಿನದು. ಮಳೆಗೆ ಹಿಂದಿನ ಚಕ್ರ ಚರಂಡಿಗೆ ಇಳಿದಾಗ ಕ್ರೇನಿನವರು ಅಡಿಯ ಪ್ರೊಪೆಲ್ಲರ್ ಶಾಫ್ಟಿಗೇ (ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳತ್ತ ಶಕ್ತಿ ಒಯ್ಯುವ ಉದ್ದನೆಯ ಕೊಳವೆಗೇ) ಸರಪಳಿ ಸುತ್ತಿ ಎಳೆದರು. ಆಮೇಲೆ ಮುಂಭಾಗ ಎತ್ತಿ, ಹಿಂದಿನ ಚಕ್ರ ರಸ್ತೆಯಲ್ಲಿ ಉರುಳಿಸಿಕೊಂಡೇ ಕಾಸರಗೋಡಿಗೆ ತಂದರು. ಗೇರು ನ್ಯೂಟ್ರಲ್‌ನಲ್ಲೇ ಇತ್ತು. ಈಗ 50ರ ಮೇಲೆ ಗಾಡಿ ನಡುಗುತ್ತದೆ. ಒಂದು, ಎರಡು, ಮೂರನೇ ಗೇರಿನಲ್ಲಿ ಕೂಗುತ್ತದೆ, ನಾಲ್ಕಕ್ಕೆ ಹಾಕಿದರೆ ಸದ್ದಿಲ್ಲ. ಗೇರ್‌ಬಾಕ್ಸಿನ ಹಿಂದೆ ಆಯಿಲ್ ಜಿನುಗುತ್ತದೆ. ಗೇರ್‌ಬಾಕ್ಸೇ ಬದಲಿಸಬೇಕೆನ್ನುತ್ತಾರೆ. ನ್ಯೂಟ್ರಲ್‌ನಲ್ಲಿದ್ದರೂ ಹಾಳಾಗುವುದುಂಟೆ?
— ಓದುಗರು, ಬದಿಯಡ್ಕ

ಉತ್ತರ: ಖಂಡಿತ ಹಾಳಾಗುತ್ತದೆ. ಓಮ್ನಿಗೆ ಎಳೆತ ಹಿಂದಿನ ಚಕ್ರದ್ದು. ಚಕ್ರ ಉರುಳಿದರೆ ಪ್ರೊಪೆಲ್ಲರ್ ಶಾಫ್ಟು ತಿರುಗುತ್ತದೆ, ಅದರೊಂದಿಗೆ ಗೇರ್‌ಬಾಕ್ಸಿನಿಂದ ಶಕ್ತಿ ಹೊರಕೊಡುವ ಮೇನ್ ಶಾಫ್ಟೂ ತಿರುಗುತ್ತದೆ. ಆದರೆ ತಳದ ಆಯಿಲನ್ನು ಮೇಲಕ್ಕೆ ಎರಚುವುದು ಅದರ ಪಕ್ಕದ, ಇಂಜಿನ್ ತಿರುಗಿಸುವ ಕೌಂಟರ್ ಶಾಫ್ಟಿನ ಹಲ್ಲುಗಳು. ಇಂಜಿನ್ ಬಂದ್ ಆಗಿ ನ್ಯೂಟ್ರಲ್‌ನಲ್ಲಿದ್ದಾಗ ಆ ಶಾಫ್ಟು ಹೆಚ್ಚುಕಮ್ಮಿ ನಿಂತೇ ಇರುತ್ತದೆ. ಮುಂಭಾಗ ಎತ್ತಿದ್ದರಿಂದ ಇದ್ದ ಆಯಿಲೂ ಹಿಂದಕ್ಕೆ ಸರಿಯಿತು. ಇಂಜಿನ್ನಿನ ಶಕ್ತಿ ಒಳತರುವ ಇನ್‌ಪುಟ್ ಶಾಫ್ಟಿನ ಹಿಂತುದಿಯ ಕುಳಿಯೊಳಗೆ ಮೇನ್ ಶಾಫ್ಟಿನ ಮೂತಿ ಕೂರುವಲ್ಲಿ ಸೂಜಿಯಂಥ ಉರುಳೆಗಳಿರುವ ಒಂದು ಸಣ್ಣ ನೀಡಲ್ ಬೇರಿಂಗ್ ಇದೆ. ಒಂದು ಶಾಫ್ಟು ನಿಂತು ಇನ್ನೊಂದು ತಿರುಗಿದಾಗ ಎಲ್ಲ ವೇಗವೂ ಬೀಳುವುದು ಅದರ ಮೇಲೆ. ದಾರಿಯುದ್ದಕ್ಕೂ ಅದು ಒಣಗಿಯೇ ತಿರುಗಿದೆ.

ನಾಲ್ಕನೇ ಗೇರಿನಲ್ಲಿ ಸದ್ದಿಲ್ಲ ಎಂದು ನೀವು ಬರೆದದ್ದೇ ದೊಡ್ಡ ಸುಳಿವು. ನಾಲ್ಕರಲ್ಲಿ ಇನ್‌ಪುಟ್ ಶಾಫ್ಟು, ಮೇನ್ ಶಾಫ್ಟು ಒಂದಕ್ಕೊಂದು ಬೆಸೆದು ಒಟ್ಟಿಗೇ ತಿರುಗುತ್ತವೆ. ಆ ಬೇರಿಂಗಿಗೆ ಕೆಲಸವೇ ಇರುವುದಿಲ್ಲ. ಹಾಗಾಗಿ ಮೊದಲ ಅನುಮಾನ ಅದರ ಮೇಲೆಯೇ. ಇನ್ನೊಂದು ಪರೀಕ್ಷೆ ಮಾಡಿ: ಗಾಡಿ ನಿಲ್ಲಿಸಿ, ಇಂಜಿನ್ ಚಾಲೂ ಮಾಡಿ, ನ್ಯೂಟ್ರಲ್‌ನಲ್ಲಿ ಕ್ಲಚ್ಚಿನಿಂದ ಕಾಲು ತೆಗೆಯಿರಿ. ಆಗ ಕೂಗಿ, ಕ್ಲಚ್ ಒತ್ತಿದ ಕೂಡಲೇ ನಿಂತರೆ ಅನುಮಾನ ಗಟ್ಟಿಯಾಯಿತು.

ಆದರೂ ಗೇರ್‌ಬಾಕ್ಸ್ ಇಳಿಸುವ ಮೊದಲು ಪ್ರೊಪೆಲ್ಲರ್ ಶಾಫ್ಟ್ ನೋಡಿ. ನಡುಕಕ್ಕೂ ಸೋರಿಕೆಗೂ ಸರಪಳಿಯೇ ಕಾರಣವಿರಬಹುದು. ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು, ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕಿನ ಮೇಲಿರುವ ಗಾಡಿಯ ಅಡಿಗೆ ಹೋಗಲೇಬೇಡಿ. ಶಾಫ್ಟಿನ ಫ್ಲ್ಯಾಂಜಿಗೂ (ಬೋಲ್ಟು ಕೂರುವ ಬಿಲ್ಲೆ) ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಫ್ಲ್ಯಾಂಜಿಗೂ ಅಡ್ಡಲಾಗಿ, ಮತ್ತೆ ಹಾಗೆಯೇ ಕೂರಿಸಲು, ಪೇಂಟಿನಿಂದ ಒಂದು ಗೆರೆ ಎಳೆದು, ನಾಲ್ಕು ಬೋಲ್ಟು ಬಿಚ್ಚಿ, ಶಾಫ್ಟನ್ನು ಹಿಂದಕ್ಕೆ ಎಳೆಯಿರಿ. ಗೇರ್‌ಬಾಕ್ಸಿನ ಬಾಯಿಂದ ಆಯಿಲ್ ಬರುತ್ತದೆ, ಪ್ಲಾಸ್ಟಿಕ್ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ.

ಕೊಳವೆಯಲ್ಲಿ ಸರಪಳಿಯ ತಗ್ಗು ಇದ್ದರೆ ಆ ಶಾಫ್ಟು ಮುಗಿಯಿತು. ಬಡಿದು ನೇರ ಮಾಡಿಸಬೇಡಿ. ಗೋಡೆ ತೆಳು, ತಗ್ಗಿದ ಜಾಗ ಮತ್ತೆ ಮಣಿಯುತ್ತದೆ. ತಗ್ಗಿಲ್ಲದಿದ್ದರೆ ಲೇತಿನಲ್ಲಿ ಹಿಡಿದು ನಡುಭಾಗಕ್ಕೆ ಓಲಾಟ ಅಳೆಯುವ ಡಯಲ್ ಗೇಜ್ ಇಡಿಸಿ. ಓಲಾಟ ಅರ್ಧ ಮಿಲಿಮೀಟರ್ ದಾಟಿದ ಶಾಫ್ಟನ್ನು ನಾವಾದರೆ ಮತ್ತೆ ಹಾಕುವುದಿಲ್ಲ. ಶಾಫ್ಟಿನ ಎರಡೂ ತುದಿಯ ಕ್ರಾಸ್‌ಗಳನ್ನು (ಬಾಗುವ ಕೀಲುಗಳನ್ನು) ಕೈಯಲ್ಲಿ ಆಡಿಸಿ. ಎಲ್ಲಾದರೂ ತಡೆದರೆ, ಕಟಕಟ ಎಂದರೆ ಬದಲಿಸಿ. ಗೇರ್‌ಬಾಕ್ಸಿನೊಳಗೆ ಹೋಗುವ ನುಣುಪು ತುದಿಯಲ್ಲಿ ಉಗುರಿಗೆ ಸಿಗುವ ಗೆರೆಯಿದ್ದರೆ ಹೊಸ ಸೀಲನ್ನೂ ಅದು ಕೊಯ್ಯುತ್ತದೆ. ಸೀಲಿನ ಜೊತೆಗೆ ಒಳಗಿನ ಬುಷ್ ಸಹ ಹೊಸದು ಹಾಕಿಸಿ, ಬಾಗಿದ ಶಾಫ್ಟು ಅದನ್ನೇ ಮೊದಲು ತಿನ್ನುವುದು. ಡಿಫರೆನ್ಷಿಯಲ್ ಫ್ಲ್ಯಾಂಜನ್ನು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಪ್ಲೇ (ಸಡಿಲ) ಇದ್ದರೆ ಅದರ ದೊಡ್ಡ ನಟ್ಟನ್ನು ಸುಮ್ಮನೆ ಬಿಗಿಯಬೇಡಿ, ಪಿನಿಯನ್ ಬೇರಿಂಗಿನ ಹದ ತಪ್ಪುತ್ತದೆ. ಅದು ತಿಳಿದವರ ಕೆಲಸ.

ಈಗ ಗೇರ್ ಆಯಿಲನ್ನು ಬಿಳಿ ತಟ್ಟೆಗೆ ಇಳಿಸಿ. ಡ್ರೈನ್ ಪ್ಲಗ್ಗಿಗೆ ಹತ್ತಿದ ತೆಳು ಬೂದು ಕೆಸರಿಗೆ ಹೆದರಬೇಕಿಲ್ಲ. ಹೊನ್ನಿನ ಬಣ್ಣದ ಮಿನುಗು ಕಂಡರೆ ಅದು ಸಿಂಕ್ರೊ ರಿಂಗಿನ (ಗೇರು ಸದ್ದಿಲ್ಲದೆ ಕೂಡಲು ವೇಗ ಹೊಂದಿಸುವ ಬಳೆ) ಹಿತ್ತಾಳೆ. ಉಕ್ಕಿನ ಚಕ್ಕೆ, ಸೂಜಿಯ ತುಂಡು ಸಿಕ್ಕಿದರೆ ಮತ್ತೆ ಗಾಡಿ ಓಡಿಸಬೇಡಿ.

ಗೇರ್‌ಬಾಕ್ಸ್ ಇಳಿಸಿ ಬಿಚ್ಚಿದ ಮೇಲೆ ಮೇನ್ ಶಾಫ್ಟಿನ ಮೂತಿಯನ್ನು ಬೆಳಕಿಗೆ ಹಿಡಿಯಿರಿ. ನುಣುಪಾಗಿ ಹೊಳೆಯುತ್ತಿದ್ದರೆ ಬೇರಿಂಗ್ ಒಂದೇ ಸಾಕು. ನೀಲಿಗಟ್ಟಿದ್ದರೆ, ಸೂಜಿಗಳ ಉದ್ದುದ್ದ ಗುರುತು ಬಿದ್ದಿದ್ದರೆ ಶಾಫ್ಟೂ ಹೋಗಿದೆ. ಇನ್‌ಪುಟ್ ಶಾಫ್ಟಿನ ಕುಳಿಯನ್ನೂ ಹಾಗೆಯೇ ಪರೀಕ್ಷಿಸಿ. ಸವೆದ ಮೂತಿಗೆ ಹೊಸ ಬೇರಿಂಗ್ ಹಾಕಿದರೆ ಸದ್ದು ಬೇಗನೆ ಮರಳುತ್ತದೆ. ಸಿಂಕ್ರೊ ರಿಂಗನ್ನು ಅದರ ಗೇರಿನ ಕೋನಿನ ಮೇಲೆ ಒತ್ತಿ ಹಿಡಿದಾಗ ನಡುವಿನ ಸಂದು 0.5 ಮಿ.ಮೀ.ಗಿಂತ ಕಡಿಮೆಯಿದ್ದರೆ ಬದಲಿಸಿ. ಗೇರ್‌ಬಾಕ್ಸ್ ಹೇಗೂ ಕೆಳಗಿದೆಯಲ್ಲ, ಕ್ಲಚ್ ರಿಲೀಸ್ ಬೇರಿಂಗ್ ಸಹ ಹೊಸದಾಗಲಿ.

ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯ ಆಯಿಲ್, ಡಿಫರೆನ್ಷಿಯಲ್‌ಗೆ ಜಿಎಲ್-5. ಗಾಡಿ ಸಮತಟ್ಟಾಗಿರಲಿ, ಲೆವೆಲ್ ತೂತಿನ ಅಂಚಿಗೆ ಬರುವಷ್ಟು ತುಂಬಿ. 500 ಕಿ.ಮೀ. ಓಡಿದ ಮೇಲೆ ಗೇರ್ ಆಯಿಲ್ ಒಮ್ಮೆ ಬದಲಿಸಿದರೆ ಉಳಿದ ಪುಡಿಯೂ ಹೊರಬರುತ್ತದೆ.

ಗೇರ್‌ಬಾಕ್ಸೇ ಬದಲಿಸುವ ಮಾತು ಮೂತಿ, ಕುಳಿ, ಹಲ್ಲು ಮೂರೂ ಕೆಟ್ಟಿದ್ದರೆ ಮಾತ್ರ. ಮಂಗಳೂರಿನ ಗುಜರಿಯಿಂದ ತರುವುದಾದರೆ ದುಡ್ಡು ಕೊಡುವ ಮೊದಲು ಆಯಿಲ್ ಇಳಿಸಿ ನೋಡಿ. ಮಾರುತಿಯ ಇನ್ನೊಂದು ವ್ಯಾನ್ ಈಕೊದ ಗೇರ್‌ಬಾಕ್ಸ್ ಇದಕ್ಕೆ ಕೂಡುವುದಿಲ್ಲ.

ಪ್ರಶ್ನೆ: ಹಾಗಿದ್ದರೆ ಕೆಟ್ಟು ನಿಂತ ಓಮ್ನಿಯನ್ನು ಸರಿಯಾಗಿ ಒಯ್ಯುವುದು ಹೇಗೆ? ನಮ್ಮ ಕಡೆ ರಾತ್ರಿ ಫ್ಲ್ಯಾಟ್‌ಬೆಡ್ ಸಿಗುವುದಿಲ್ಲ.
— ಓದುಗರು, ಪೈವಳಿಕೆ

ಉತ್ತರ: ಹಿಂಭಾಗ ಎತ್ತಿಸಿ. ಸ್ಟೀರಿಂಗ್ ನೇರವಾಗಿಟ್ಟು ಕಟ್ಟಿ, ಸ್ಟೀರಿಂಗ್ ಬೀಗವೊಂದನ್ನೇ ನಂಬಬೇಡಿ. ಮುಂಭಾಗವನ್ನೇ ಎತ್ತಬೇಕಾಗಿ ಬಂದರೆ, ಹಗ್ಗ ಕಟ್ಟಿ ದೂರ ಎಳೆಯಬೇಕಾದರೆ, ಮೇಲೆ ಹೇಳಿದಂತೆ ಪ್ರೊಪೆಲ್ಲರ್ ಶಾಫ್ಟನ್ನು ಕಳಚಿ ಗಾಡಿಯೊಳಗಿಡಿ, ಗೇರ್‌ಬಾಕ್ಸಿನ ಬಾಯಿ ಕಟ್ಟಿ. ನಾಲ್ಕು ಬೋಲ್ಟಿನ ಕೆಲಸ ಅಷ್ಟೆ, ಆದರೆ ಹ್ಯಾಂಡ್‌ಬ್ರೇಕ್ ಹಾಕಿ ಚಕ್ರಕ್ಕೆ ಕಲ್ಲು ಕೊಡದೆ ಶುರುಮಾಡಬೇಡಿ. ಇಂಜಿನ್ ಓಡುವ ಸ್ಥಿತಿಯಲ್ಲಿದ್ದರೆ ಹಗ್ಗದಲ್ಲಿ ಎಳೆಯುವಾಗ ನ್ಯೂಟ್ರಲ್‌ನಲ್ಲಿ ಅದನ್ನು ಐಡ್ಲಿಂಗ್‌ನಲ್ಲಿ ಬಿಟ್ಟು, ಕ್ಲಚ್ಚಿನಿಂದ ಕಾಲು ತೆಗೆದಿಡಿ. ಕೌಂಟರ್ ಶಾಫ್ಟು ತಿರುಗಿ ಆಯಿಲ್ ಎರಚುತ್ತಿರುತ್ತದೆ. ಸರಪಳಿ, ಕೊಕ್ಕೆ ಹಾಕುವುದು ಹಿಂದಿನ ಆಕ್ಸಲ್ ಕೊಳವೆಗೆ ಅಥವಾ ಎಳೆಯಲೆಂದೇ ಇರುವ ಕೊಕ್ಕೆಗೆ. ಆಕ್ಸಲ್‌ಗೆ ಸುತ್ತುವಾಗ ಬ್ರೇಕ್ ಪೈಪು ಸರಪಳಿಯಡಿ ಸಿಗದಂತೆ ಟಾರ್ಚ್ ಹಿಡಿದು ನೀವೇ ನೋಡಿಕೊಳ್ಳಿ.